ಅಳತೆಯ ಚೌಕಟ್ಟು ಮತ್ತು ವೇಷ: ಪುಷ್ಪಮಾಲಾ ಅವರ ಛಾಯಾಚಿತ್ರ-ಅಭಿನಯದ ರಾಜಕಾರಣ

ಕಲಾವಿದರ ದೇಹವೇ ಕೃತಿಯಾಗುವ ಪರ್ಫಾರ್ಮೆನ್ಸ್ ಆರ್ಟ್ ಪ್ರಕಾರವನ್ನು ಜಾನಪದ ಅಧ್ಯಯನವು ನಗರದ ಕಲಾಶಾಲೆಗಳ ಸಂಗತಿಯೆಂದು ಬಹುಮಟ್ಟಿಗೆ ಬದಿಗಿರಿಸಿದೆ. ಆದರೆ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ದಿಂದ 2004ರವರೆಗೆ ರೂಪಿಸಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್' ಸರಣಿಯನ್ನು ಹಾಗೆ ಬದಿಗಿರಿಸಲಾಗದು. ಅದು ಪ್ರಶ್ನಿಸುವುದು ಜಾನಪದ ಮತ್ತು ಮಾನವಶಾಸ್ತ್ರಗಳು ಬೆಳೆದುಬಂದ ನೋಟದ ಕ್ರಮವನ್ನೇ.

ಸರಣಿಯಲ್ಲಿ ಪುಷ್ಪಮಾಲಾ ಅವರು ರವಿವರ್ಮನ ಲಕ್ಷ್ಮಿಯಾಗಿ, ಬಿಜಾಪುರ ಶೈಲಿಯ ಚಿತ್ರದ ಯೋಗಿನಿಯಾಗಿ, ತೊದವ ಹೆಂಗಸಾಗಿ, ಪೊಲೀಸರು ಬಂಧಿಸಿದ ಆರೋಪಿಯಾಗಿ ಕಾಣಿಸಿಕೊಳ್ಳುತ್ತಾರೆ. ದೇವಿಯನ್ನೂ ಆರೋಪಿಯನ್ನೂ ಒಂದೇ ಮೈ ಧರಿಸಿದಾಗ 'ಮಾದರಿ ಸ್ತ್ರೀ' ಎಂಬ ಕಲ್ಪನೆ ಸಡಿಲಗೊಳ್ಳುತ್ತದೆ.

ಇವುಗಳಲ್ಲಿ ಅತ್ಯಂತ ತೀಕ್ಷ್ಣವಾದದ್ದು ಜನಾಂಗೀಯ ಅಧ್ಯಯನದ ಮಾದರಿಯ ಚಿತ್ರಗಳ ಭಾಗ. 1869ರಲ್ಲಿ ಜಾನ್ ಲ್ಯಾಂಪ್ರಿ ಎಂಬಾತ ಮರದ ಚೌಕಟ್ಟಿಗೆ ರೇಷ್ಮೆ ದಾರಗಳನ್ನು ಬಿಗಿದು, ಎರಡು ಅಂಗುಲದ ಚೌಕುಳಿಗಳ ಮುಂದೆ ಮನುಷ್ಯರನ್ನು ನಿಲ್ಲಿಸಿ ಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದ. 1890ರ ದಶಕದಲ್ಲಿ ಪೋರ್ಟ್‌ಮನ್ ಅಂಡಮಾನಿನಲ್ಲಿ ಇಂಥದೇ ಚೌಕುಳಿ ಹಿನ್ನೆಲೆಯನ್ನು ಬಳಸಿದ. ದಕ್ಷಿಣದಲ್ಲಿ ಮದರಾಸು ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ತಲೆ-ಮೂಗುಗಳ ಅಳತೆಗಳನ್ನು ಕಲೆಹಾಕಿದ. ಆತ ಕೆ. ರಂಗಾಚಾರಿ ಅವರ ನೆರವಿನಿಂದ 1909ರಲ್ಲಿ ಪ್ರಕಟಿಸಿದ ಏಳು ಸಂಪುಟಗಳನ್ನು ಇಂದಿಗೂ ಬುಡಕಟ್ಟು ಅಧ್ಯಯನಕಾರರು ಆಕರವಾಗಿ ಉಲ್ಲೇಖಿಸುತ್ತಾರೆ. ಅಳತೆಯ ಈ ಶಾಸ್ತ್ರ ಮತ್ತು ಆಡಳಿತದ ನಡುವೆ ದೂರವಿರಲಿಲ್ಲ: 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ವಿಸ್ತರಿಸಿತು, ರದ್ದಾದದ್ದು 1952ರಲ್ಲಿ. ಆರೋಪಿ ಹೆಂಗಸರ ಪತ್ರಿಕಾ ಚಿತ್ರವನ್ನು ಜನಾಂಗೀಯ ಚಿತ್ರಗಳ ಜೊತೆಯಲ್ಲಿಟ್ಟಿರುವುದರ ಔಚಿತ್ಯ ಇಲ್ಲಿದೆ. ಕಾಯಿದೆ ಹೋದರೂ ನೋಟ ಉಳಿದಿದೆ.

ಕರ್ನಾಟಕದ ಹಗಲುವೇಷದವರನ್ನು ಇಲ್ಲಿ ನೆನೆಯಬಹುದು. ರಂಗಸ್ಥಳದ ಮರೆಯಿಲ್ಲದೆ, ಹಗಲಿನ ಬೆಳಕಿನಲ್ಲಿ ಮನೆಮನೆಯ ಮುಂದೆ ನಿಲ್ಲುವ ಆ ಕಲಾವಿದರ ವೇಷ ವೇಷವೆಂದೇ ಎಲ್ಲರಿಗೂ ಗೊತ್ತಿರುತ್ತದೆ. ಪುಷ್ಪಮಾಲಾ ಅವರೂ ಚಿತ್ರೀಕರಣದ ಸಿದ್ಧತೆಯ ದೃಶ್ಯಗಳನ್ನು ಸರಣಿಯೊಳಗೇ ಸೇರಿಸಿ ತಮ್ಮ ವೇಷವನ್ನು ಬಯಲಾಗಿಸುತ್ತಾರೆ. ಇದು ಪ್ರಭಾವದ ಮಾತಲ್ಲ, ಹೋಲಿಕೆಯ ಮಾತು ಮಾತ್ರ. ವ್ಯತ್ಯಾಸವೂ ಸಣ್ಣದಲ್ಲ: ಹಗಲುವೇಷದವರಿಗೆ ವೇಷವೇ ಹೊಟ್ಟೆಪಾಡು, ಕಲಾವಿದೆಗೆ ಅದು ಆಯ್ಕೆ.

ನಗರದ ಸುಶಿಕ್ಷಿತ ಮಹಿಳೆಯೊಬ್ಬರು ತೊದವ ಹೆಂಗಸಿನ ವೇಷ ತೊಡುವುದೂ ಮತ್ತೊಂದು ಬಗೆಯ ಯಜಮಾನಿಕೆಯಲ್ಲವೇ ಎಂಬ ಆಕ್ಷೇಪ ಏಳುವುದು ಸಹಜ. ಅವರು ಆ ಹೆಂಗಸಿನ ಪರವಾಗಿ ಮಾತನಾಡುತ್ತಿಲ್ಲ, ಅವಳನ್ನು ನಿಲ್ಲಿಸಿದ ಚೌಕಟ್ಟಿನೊಳಗೆ ತಾವೇ ನಿಂತು ಅದನ್ನು ಕಾಣಿಸುತ್ತಿದ್ದಾರೆ ಎಂಬ ಉತ್ತರ ಬಹುಪಾಲು ಸರಿ. ಆದರೆ ಪೂರ್ತಿಯಲ್ಲ. ಕಲಾವಿದೆ ಚಿತ್ರೀಕರಣ ಮುಗಿದ ಮೇಲೆ ಹೊರಬರಬಲ್ಲರು. ಮೂಲ ಚಿತ್ರದ ಹೆಂಗಸು ಇನ್ನೂ ತನ್ನ ಕುಲದ ಹೆಸರಿನಡಿಯಲ್ಲೇ ಇದ್ದಾಳೆ.