ಅಜ್ಜಿ–ಪುಳ್ಳಿ ಓದಿದ ‘ಇಂದಿರಾಬಾಯಿ’

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಯಾವುದು? ‘ಇಂದಿರಾಬಾಯಿ’. ಬರೆದವರು? ಗುಲ್ವಾಡಿ ವೆಂಕಟರಾಯರು. ವರ್ಷ? 1899. ಕಾಲೇಜಿನಲ್ಲಿ ಇಷ್ಟನ್ನು ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದ್ದೆ. ಪುಸ್ತಕ ಕೈಗೆ ಸಿಕ್ಕಿದ್ದು ಮಾತ್ರ ಎಪ್ಪತ್ತು ದಾಟಿದ ಮೇಲೆ, ಈ ಮಳೆಗಾಲದಲ್ಲಿ. ಒಂಬತ್ತನೇ ತರಗತಿಯ ಪುಳ್ಳಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಗಟ್ಟಿಯಾಗಿ ಓದಿದೆ.

ಇದು ನಮ್ಮೂರಿನದೇ ಪುಸ್ತಕ. ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಬರೆದವರು ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. ಕತೆ ನಡೆಯುವ ಊರಿಗೆ ಕಮಲಪುರ ಎಂದು ಹೆಸರಿಟ್ಟಿದ್ದಾರೆ, ಆದರೆ ಓದುತ್ತ ಓದುತ್ತ ನನಗದು ಮಂಗಳೂರೇ ಅನ್ನಿಸಿತು.

ಮೊದಲ ಪುಟಗಳು ಕಷ್ಟವಾದವು. ಉದ್ದುದ್ದ ವಾಕ್ಯ, ಹಳೆಯ ಶಬ್ದಗಳು. ಮಕ್ಕಳೇ, ಕಣ್ಣಲ್ಲೇ ಓದಿದರೆ ತೊಡಕು. ಬಾಯಿಬಿಟ್ಟು ಓದಿ, ಹರಿಕತೆಯಂತೆ ಸಾಗುತ್ತದೆ.

ಇಂದಿರೆಯ ತಂದೆ ಭೀಮರಾಯ ದುಡ್ಡುಳ್ಳವ, ತಾಯಿ ಅಂಬಾಬಾಯಿ. ಎಳೆಯ ವಯಸ್ಸಿನಲ್ಲೇ ಮದುವೆ, ಎಳೆಯ ವಯಸ್ಸಿನಲ್ಲೇ ಗಂಡನ ಸಾವು. ಆಮೇಲೆ ಹೆತ್ತವರೇ ಮಗಳನ್ನು ಭಕ್ತಿಯ ಹೆಸರಿನ ಕಪಟ ಸಂತರ ಸೇವೆಗೆ ನೂಕಲು ಹೊರಡುತ್ತಾರೆ. ಆಕೆ ಒಪ್ಪುವುದಿಲ್ಲ. ಮನೆ ಬಿಟ್ಟು ಅಮೃತರಾಯರೆಂಬ ಸಜ್ಜನರ ಆಶ್ರಯಕ್ಕೆ ಬರುತ್ತಾಳೆ, ಓದುತ್ತಾಳೆ. ಅದೇ ಅಮೃತರಾಯರ ನೆರವಿನಿಂದ ಓದಿದ ಅನಾಥ ಹುಡುಗ ಭಾಸ್ಕರ. ಅವನು ಇಂಗ್ಲೆಂಡಿಗೆ ಹೋಗಿ ದೊಡ್ಡ ಅಧಿಕಾರಿಯಾಗಿ ಬರುತ್ತಾನೆ. ಕೊನೆಗೆ ಇಬ್ಬರಿಗೂ ಮದುವೆ.

“ಇದರಲ್ಲಿ ಲವ್ ಎಲ್ಲಿದೆ ಅಜ್ಜಿ?” ಅಂತ ಪುಳ್ಳಿ ಕೇಳಿದಳು. ಅವಳು ಜೇನ್ ಆಸ್ಟೆನ್‌ ಅವರ ‘ಪ್ರೈಡ್ ಆ್ಯಂಡ್ ಪ್ರಿಜುಡಿಸ್’ನ ಸಿನಿಮಾ ನೋಡಿದವಳು. ಆ ಕಾದಂಬರಿ ಬಂದದ್ದು 1813ರಲ್ಲಿ. ಅಲ್ಲಿ ಹುಡುಗ ಹುಡುಗಿ ಕುಣಿಯುತ್ತಾರೆ, ಜಗಳವಾಡುತ್ತಾರೆ, ಹುಡುಗಿ ಒಮ್ಮೆ ‘ಒಲ್ಲೆ’ ಎಂದೂ ಹೇಳುತ್ತಾಳೆ. ನಮ್ಮ ಇಂದಿರೆಯ ‘ಒಲ್ಲೆ’ ಹುಡುಗನಿಗಲ್ಲ, ಹೆತ್ತವರಿಗೆ. ನನಗೆ ಈ ‘ಒಲ್ಲೆ’ಯೇ ದೊಡ್ಡದಾಗಿ ಕಂಡಿತು. ಮದುವೆಯ ಭಾಗಕ್ಕಿಂತ, ಆಕೆ ಮನೆ ಬಿಡುವ ಭಾಗವನ್ನು ಎರಡು ಸಲ ಓದಿದೆ.

ಅದಕ್ಕೆ ಕಾರಣವಿದೆ. ನನ್ನ ಅಜ್ಜನ ಅಕ್ಕ ಹನ್ನೆರಡರಲ್ಲೇ ಗಂಡನನ್ನು ಕಳೆದುಕೊಂಡವರು. ಬೋಳು ತಲೆ, ಅದರ ಮೇಲೆ ಕೆಂಪು ಸೀರೆಯ ಸೆರಗು. ಬದುಕೆಲ್ಲ ನಮ್ಮ ಮನೆಯ ಅಡುಗೆ ಕೋಣೆಯಲ್ಲೇ ಕಳೆಯಿತು. ನಾನು ಶಾಲೆಯಿಂದ ಬಂದರೆ, “ಇವತ್ತು ಏನು ಕಲಿಸಿದರು? ಓದಿ ಹೇಳು ಮಗಾ” ಎನ್ನುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ವಿಧವೆಯರ ಮರುಮದುವೆಗೆ 1856ರಲ್ಲೇ ಕಾನೂನು ಬಂದಿತ್ತು. ಅವರು ಹುಡುಗಿಯಾಗಿದ್ದಾಗ ಇದೇ ಊರಿನಲ್ಲಿ ಈ ಪುಸ್ತಕವೂ ಅಚ್ಚಾಗಿತ್ತು. ಎರಡೂ ನಮ್ಮ ಅಡುಗೆ ಕೋಣೆಯ ಹೊಸಿಲು ದಾಟಲಿಲ್ಲ.

ಇದನ್ನು ಹೇಳಿದಾಗ ಪುಳ್ಳಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವರ ಹೆಸರೇನು?” ಎಂದಳು. ಮನೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ‘ದೊಡ್ಡಜ್ಜಿ’ ಎಂದು. ನಿಜವಾದ ಹೆಸರಿಗಾಗಿ ಪುತ್ತೂರಿನ ಅಣ್ಣನಿಗೆ ಫೋನ್ ಮಾಡಬೇಕಾಯಿತು. ಕಾವೇರಿ.

ಪುಸ್ತಕದಲ್ಲಿ ಎಲ್ಲವೂ ಮೆಚ್ಚಿಗೆಯಾಯಿತು ಎನ್ನಲಾರೆ. ಒಳ್ಳೆಯವರು ತೀರಾ ಒಳ್ಳೆಯವರು, ಕೆಟ್ಟವರು ತೀರಾ ಕೆಟ್ಟವರು. ನಡುನಡುವೆ ಉಪದೇಶವೂ ಸಾಕಷ್ಟಿದೆ. ಆದರೆ ಕಪಟಿಗಳ ಢೋಂಗಿಯನ್ನು ಬಣ್ಣಿಸುವಾಗ ಗುಲ್ವಾಡಿಯವರ ಲೇಖನಿ ಕುಣಿಯುತ್ತದೆ. ಪೊಲೀಸರ ಕಣ್ಣಲ್ಲವೇ!

ಭಾಸ್ಕರ ದೊಡ್ಡ ಅಧಿಕಾರಿಯಾಗಿ ಬಂದದ್ದು ಪುಳ್ಳಿಗೆ ಹಿಡಿಸಲಿಲ್ಲ. “ಅವನು ಬಡ ಮಾಸ್ತರನಾಗಿಯೇ ಉಳಿದಿದ್ದರೆ ಊರವರು ಆ ಮದುವೆಯನ್ನು ಸಹಿಸುತ್ತಿದ್ದರಾ ಅಜ್ಜಿ?” ಎಂದು ಕೇಳಿದಳು. ಇದರ ಮೇಲೆ ನಮ್ಮಿಬ್ಬರಿಗೂ ಚರ್ಚೆ ಇನ್ನೂ ಮುಗಿದಿಲ್ಲ.