ಮಾತಿನ ದಾರಿ, ಅನ್ನದ ದಾರಿ

ಊಟದ ನಡುವೆ ನೆತ್ತಿಗೆ ಹತ್ತಿದರೆ ಪಕ್ಕದವರು ತಲೆ ತಟ್ಟಿ, ‘ಯಾರೋ ನೆನೆಸ್ಕೊಳ್ತಿದಾರೆ’ ಅನ್ನುತ್ತಾರೆ. ನಿಜಕ್ಕೂ ಅಗುಳು ಹೋಗಿದ್ದು ಶ್ವಾಸನಾಳದ ಬಾಗಿಲಿಗೆ. ನಮ್ಮ ಗಂಟಲಲ್ಲಿ ಗಾಳಿಯ ದಾರಿಯೂ ಅನ್ನದ ದಾರಿಯೂ ಒಂದನ್ನೊಂದು ಹಾಯುತ್ತವೆ. ಕತ್ತಿನ ಮುಂಭಾಗಕ್ಕೆ ಬೆರಳಿಟ್ಟು ಉಗುಳು ನುಂಗಿ ನೋಡಿ, ಗಟ್ಟಿಯಾದದ್ದೊಂದು ಮೇಲೆದ್ದು ಇಳಿಯುತ್ತದೆ. ಅದೇ ಧ್ವನಿಪೆಟ್ಟಿಗೆ. ಪ್ರತಿ ತುತ್ತಿಗೂ ಅದು ಮೇಲೇರಿ ನಾಲಿಗೆಯ ಬುಡದಡಿ ಸೇರಿ ಉಸಿರಿನ ಬಾಗಿಲು ಮುಚ್ಚಬೇಕು. ನಡುವೆ ನಕ್ಕರೆ ಬಾಗಿಲು ತೆರೆದುಬಿಡುತ್ತದೆ. ಈ ಅಪಾಯದ ಏರ್ಪಾಡನ್ನು ಡಾರ್ವಿನ್ 1859ರಲ್ಲೇ ಗುರುತಿಸಿದ್ದ.

ಹಸುಗೂಸಿನ ಧ್ವನಿಪೆಟ್ಟಿಗೆ ಮೂಗಿನ ಹಿಂಬದಿಗೆ ಹತ್ತಿರ, ಮೇಲೆಯೇ ಇರುತ್ತದೆ. ಮಗು ಬೆಳೆದಂತೆ ಅದು ಇಳಿಯುತ್ತದೆ, ಜೊತೆಗೆ ನಾಲಿಗೆಯ ಬುಡವೂ. ಆಗ ಬಾಯಿ ಅಡ್ಡ ಕೊಳವೆ, ಗಂಟಲು ನೆಟ್ಟನೆಯ ಕೊಳವೆ. ‘ಆ’ ಅನ್ನಿ: ನಾಲಿಗೆ ತಗ್ಗಿ ಹಿಂದೆ ಸರಿಯುತ್ತದೆ, ಬಾಯಿ ಅಗಲ, ಗಂಟಲು ಕಿರಿದು. ‘ಈ’ ಅನ್ನಿ: ನಾಲಿಗೆ ಮುಂದಕ್ಕೆ ಏರಿ ಎಲ್ಲ ತಿರುವುಮುರುವು. ಧ್ವನಿತಂತುಗಳು ಕೊಡುವುದು ಬರೀ ಗುಂಯ್‌ಗುಡುವ ಸದ್ದು. ಅದನ್ನು ‘ಆ’ ಅಥವಾ ‘ಈ’ ಮಾಡುವುದು ಕೊಳವೆಯ ಆಕಾರ.

ಫಿಲಿಪ್ ಲೀಬರ್‌ಮನ್ ಮತ್ತು ಸಂಗಡಿಗರು 1969ರಲ್ಲಿ ಸತ್ತ ಕೋತಿಯ ಬಾಯಿ-ಗಂಟಲಿನ ಅಚ್ಚು ತೆಗೆದು, ಅದರಿಂದ ಇಷ್ಟೆಲ್ಲ ಸ್ವರ ಹೊರಡಲಾರದು ಎಂದರು. ಧ್ವನಿಪೆಟ್ಟಿಗೆ ಇಳಿದದ್ದರಿಂದಲೇ ಮಾತು ಹುಟ್ಟಿತೆಂಬ ವಾದ ಬಹುಕಾಲ ನಡೆಯಿತು. ನನಗದು ಅರ್ಧ ಉತ್ತರ. ಯುರೋಪಿನ ಗಂಡು ಕೆಂಪು ಜಿಂಕೆಯ ಧ್ವನಿಪೆಟ್ಟಿಗೆಯೂ ಕೆಳಗೇ ಇದೆಯೆಂದು 2001ರಲ್ಲಿ ಟೆಕುಮ್ಸೆ ಫಿಚ್ ಮತ್ತು ಡೇವಿಡ್ ರೆಬಿ ತೋರಿಸಿದರು. ಅದು ಮಾತಾಡುವುದಿಲ್ಲವಲ್ಲ! 2016ರಲ್ಲಿ ಫಿಚ್ ಇದ್ದ ತಂಡ ಜೀವಂತ ಕೋತಿಯನ್ನು ಎಕ್ಸ್‌ರೇ ವಿಡಿಯೊದಲ್ಲಿ ನೋಡಿತು. ಅರ್ಥವಾಗುವ ಮಾತಿಗೆ ಸಾಲುವಷ್ಟು ಆಕಾರಗಳನ್ನು ಅದರ ಬಾಯಿಯೂ ತಾಳಬಲ್ಲದಾಗಿತ್ತು. ಕೊರತೆ ಇರುವುದು ಮಿದುಳಿನಲ್ಲಿ. ನಮ್ಮ ಮಿದುಳಿನ ಹೊರಪದರದಿಂದ ಧ್ವನಿಪೆಟ್ಟಿಗೆಯನ್ನು ಆಳುವ ನರಕೋಶಗಳಿಗೆ ನೇರ ಎಳೆಗಳಿವೆ. ಕೋತಿಗಳಲ್ಲಿ ಅಂಥವು ಕಂಡಿಲ್ಲ.

ಕಳೆದುಕೊಂಡು ಗಳಿಸಿದ್ದೂ ಒಂದುಂಟು. ವಾನರಗಳ ಧ್ವನಿತಂತುಗಳ ಅಂಚಿನಲ್ಲಿ ತೆಳು ಪೊರೆಯಿರುತ್ತದೆ, ಅದರಿಂದ ಕೂಗು ಜೋರಾದರೂ ಒಡೆಯುತ್ತದೆ. ತಾಕೇಶಿ ನಿಶಿಮುರ ಅವರ ತಂಡ 43 ಜಾತಿಗಳನ್ನು ಪರೀಕ್ಷಿಸಿ, ಮನುಷ್ಯನಲ್ಲಿ ಮಾತ್ರ ಆ ಪೊರೆ ಇಲ್ಲವೆಂದು 2022ರಲ್ಲಿ ಪ್ರಕಟಿಸಿತು. ನಮ್ಮ ದನಿ ಒಡೆಯದೆ ಸ್ಥಿರವಾಗಿರುವುದಕ್ಕೆ ಅದು ಕಾರಣ.

ಯಾರಿಗಾದರೂ ನೆತ್ತಿಗೆ ಹತ್ತಿದರೆ ನೀರು ಕುಡಿಸುವ ಆತುರ ಬೇಡ, ಜೋರಾಗಿ ಕೆಮ್ಮಲು ಬಿಡಿ. ಕೆಮ್ಮಲೂ ಮಾತಾಡಲೂ ಆಗದಿದ್ದರೆ ಉಸಿರಿನ ದಾರಿ ಕಟ್ಟಿದೆ ಎಂದರ್ಥ. ತಕ್ಷಣ ನೆರವಿಗೆ ಕೂಗಿ.