ನೀಲಿ ಕೋಳಿಯ ಲೆಕ್ಕಾಚಾರ

ಕೊಚ್ಚಿನ್ ಕೋಳಿ ಎಂದೊಡನೆ ನಮಗೆ ನೆನಪಾಗುವುದು ಕೇರಳದ ಕೊಚ್ಚಿ. ಆದರೆ ಈ ಕೋಳಿಗೂ ಆ ಊರಿಗೂ ಸಂಬಂಧವಿಲ್ಲ. ಇದು ಚೀನಾದ ಹಕ್ಕಿ. 1840ರ ದಶಕದಲ್ಲಿ ಹಡಗೇರಿ ಇಂಗ್ಲೆಂಡನ್ನೂ ಅನಂತರ ಅಮೆರಿಕವನ್ನೂ ಸೇರಿತು. ಕೆಲವರು ಇದನ್ನು ಶಾಂಘೈ ಕೋಳಿ ಎಂದರು. ಇನ್ನು ಕೆಲವರು ಕೊಚ್ಚಿನ್-ಚೀನಾ ಕೋಳಿ ಎಂದರು. ಕೊಚ್ಚಿನ್-ಚೀನಾ ಎಂಬುದು ಇಂದಿನ ವಿಯೆಟ್ನಾಮಿನ ದಕ್ಷಿಣ ಭಾಗಕ್ಕೆ ಯುರೋಪಿಯನ್ನರು ಇಟ್ಟಿದ್ದ ಹೆಸರು. ಬರಬರುತ್ತ ಬಾಲದ 'ಚೀನಾ' ಕಳಚಿ 'ಕೊಚ್ಚಿನ್' ಮಾತ್ರ ಉಳಿಯಿತು. ಊರು ತಪ್ಪಿದರೂ ಹೆಸರು ನಿಂತಿತು!

ಹಾಗೆಂದು ದಕ್ಷಿಣ ಭಾರತಕ್ಕೂ ಈ ಹಕ್ಕಿಗೂ ನಂಟೇ ಇಲ್ಲ ಎನ್ನುವಂತಿಲ್ಲ. ಸಾಕುಕೋಳಿಗಳ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಆದರೆ ಅನೇಕ ಸಾಕುಕೋಳಿಗಳ ಚರ್ಮಕ್ಕಿರುವ ಹಳದಿ ಬಣ್ಣ ಅದರಿಂದ ಬಂದದ್ದಲ್ಲ, ನಮ್ಮ ಪಶ್ಚಿಮ ಘಟ್ಟಗಳಲ್ಲಿ ಓಡಾಡುವ ಬೂದು ಕಾಡುಕೋಳಿಯಿಂದ ಬಂದದ್ದು ಎಂದು ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ಕೊಚ್ಚಿನ್ ಕೋಳಿಯ ಚರ್ಮವೂ ಹಳದಿಯೇ. ಹೆಸರಿನಲ್ಲಿ ಇಲ್ಲದ ನಂಟು ಚರ್ಮದಲ್ಲಿ ಅಡಗಿದೆ.

ಗರಿಯ ಮೂಟೆ

ಈ ಕೋಳಿ ಬಂದಾಗ ಇಂಗ್ಲೆಂಡಿನ ಜನ ಬೆರಗಾದರು. ಅಷ್ಟು ದೊಡ್ಡ ಕೋಳಿಯನ್ನು ಅವರು ಕಂಡಿರಲಿಲ್ಲ. ವಿಕ್ಟೋರಿಯಾ ರಾಣಿಯ ಕೋಳಿಮನೆಗೂ ಅದು ಪ್ರವೇಶ ಪಡೆಯಿತು. ಮುಂದಿನ ಕೆಲವು ವರ್ಷ ಅಲ್ಲಿಯೂ ಅಮೆರಿಕದಲ್ಲಿಯೂ ಜನರಿಗೆ ಕೋಳಿಯ ಹುಚ್ಚೇ ಹಿಡಿಯಿತು. ಮೊಟ್ಟೆ, ಮಾಂಸಕ್ಕಾಗಿ ಸಾಕುತ್ತಿದ್ದ ಹಕ್ಕಿ ಪ್ರದರ್ಶನದ ವಸ್ತುವಾಯಿತು. 1874ರಲ್ಲಿ ಅಮೆರಿಕದ ತಳಿಗಾರರು ಕೋಳಿ ತಳಿಗಳ ಲಕ್ಷಣಗಳನ್ನು ಪುಸ್ತಕದಲ್ಲಿ ಗೊತ್ತುಪಡಿಸಿದಾಗ ಕೊಚ್ಚಿನ್ನಿಗೂ ಅದರಲ್ಲಿ ಸ್ಥಾನ ದೊರೆಯಿತು.

ಆ ಲಕ್ಷಣಗಳಾದರೂ ಎಂಥವು? ಹುಂಜದ ತೂಕ ಸುಮಾರು 5 ಕಿಲೋ, ಹೇಂಟೆಯದು ಸುಮಾರು 4 ಕಿಲೋ. ಅಗಲವಾದ, ಮೆತ್ತನೆಯ, ಸಡಿಲವಾದ ಗರಿಗಳು. ಬೆನ್ನಿನ ಹಿಂಭಾಗದಲ್ಲಿ ದಿಂಬಿಟ್ಟಂತೆ ಉಬ್ಬು. ಗರಿ ಕಾಲುಗಳನ್ನೂ ಮುಚ್ಚಿ ಬೆರಳಿನವರೆಗೆ ಇಳಿದಿರಬೇಕು. ಎಲ್ಲಿಂದ ನೋಡಿದರೂ ಮೂಲೆಯಿಲ್ಲದ ದುಂಡು ಆಕಾರ ಕಾಣಬೇಕು. ದೂರದಿಂದ ನೋಡಿದರೆ ಹತ್ತಿಯ ಮೂಟೆಯೊಂದು ನಡೆದು ಬಂದಂತೆ! ಕಪ್ಪು, ಬಿಳಿ, ಹೊಂಬಣ್ಣ, ನೀಲಿ ಹೀಗೆ ಹಲವು ಬಣ್ಣಗಳಿವೆ.

ಇವುಗಳಲ್ಲಿ ತಳಿಗಾರನ ತಾಳ್ಮೆಯನ್ನು ಪರೀಕ್ಷಿಸುವುದು ನೀಲಿ.

ಸರಿಹೊಂದದ ಲೆಕ್ಕ

ನೀಲಿ ಎಂದರೆ ಆಕಾಶದ ನೀಲಿಯಲ್ಲ, ಸ್ಲೇಟಿನ ಬಣ್ಣ. ಚೆಂದದ ನೀಲಿ ಹುಂಜ, ಚೆಂದದ ನೀಲಿ ಹೇಂಟೆ ಎರಡನ್ನೂ ಕೂಡಿಸಿದರೆ ಮರಿಗಳೆಲ್ಲ ನೀಲಿಯಾಗಬೇಕಲ್ಲವೇ? ಆಗುವುದಿಲ್ಲ. ಅರ್ಧದಷ್ಟು ಮಾತ್ರ ನೀಲಿ. ಕಾಲುಭಾಗ ಕಪ್ಪು. ಉಳಿದ ಕಾಲುಭಾಗ, ಬಿಳಿ ಬಟ್ಟೆಯ ಮೇಲೆ ಶಾಯಿ ಚಿಮ್ಮಿದಂತಿರುವ ಮರಿಗಳು. ಇವನ್ನು 'ಸ್ಪ್ಲಾಶ್' ಎನ್ನುತ್ತಾರೆ. ಎಷ್ಟು ತಲೆಮಾರು ನೀಲಿಯನ್ನೇ ಆರಿಸಿ ಕೂಡಿಸಿದರೂ ಲೆಕ್ಕ ಬದಲಾಗದು.

ಆಂಡಲೂಸಿಯನ್ ಎಂಬ ಇನ್ನೊಂದು ನೀಲಿ ಕೋಳಿಯ ತಳಿಗಾರರಿಗೂ ಇದು ಬಹುಕಾಲದ ತಲೆನೋವಾಗಿತ್ತು. ತಳಿ ಶುದ್ಧವಾಗಿಲ್ಲ ಎಂದು ಅವರು ಕಪ್ಪು, ಸ್ಪ್ಲಾಶ್ ಮರಿಗಳನ್ನು ತೆಗೆದುಹಾಕುತ್ತಿದ್ದರು. 1866ರಲ್ಲಿ ಪ್ರಕಟವಾಗಿ ಮರೆತುಹೋಗಿದ್ದ ಮೆಂಡೆಲನ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದವು. ಅನಂತರದ ಕೆಲವೇ ವರ್ಷಗಳಲ್ಲಿ ಕೇಂಬ್ರಿಜ್‌ನ ಬೇಟ್ಸನ್ ಮತ್ತು ಪನೆಟ್ ಈ ಒಗಟನ್ನು ಬಿಡಿಸಿದರು. ತಪ್ಪು ಕೋಳಿಯದಲ್ಲ, ಸಾಕಿದವನ ಲೆಕ್ಕದ್ದು!

ಎರಡು ನಾಣ್ಯಗಳ ಆಟ

ಇದನ್ನು ಮನೆಯಲ್ಲೇ ಕಂಡುಕೊಳ್ಳಬಹುದು. ಕೋಳಿ ಬೇಡ, ಎರಡು ನಾಣ್ಯ, ಒಂದು ನೋಟ್‌ಬುಕ್ ಸಾಕು. ಮಗ ಅಥವಾ ಮಗಳು ಒಂದು ನಾಣ್ಯ ಹಿಡಿಯಲಿ, ಅಪ್ಪ ಅಥವಾ ಅಮ್ಮ ಇನ್ನೊಂದನ್ನು. ಒಂದು ನಾಣ್ಯ ಹುಂಜ, ಇನ್ನೊಂದು ಹೇಂಟೆ. ಎರಡೂ ನೀಲಿ.

ಪ್ರತಿ ಕೋಳಿಯಲ್ಲೂ ಈ ಬಣ್ಣಕ್ಕೆ ಸಂಬಂಧಿಸಿದ ಜೀನ್‌ನ ಎರಡು ಪ್ರತಿಗಳಿರುತ್ತವೆ. ಕಪ್ಪನ್ನು ತಿಳಿಗೊಳಿಸುವ ಪ್ರತಿಯನ್ನು 'ಹೆಡ್' ಎನ್ನೋಣ, ಕಪ್ಪನ್ನು ಹಾಗೆಯೇ ಬಿಡುವುದನ್ನು 'ಟೇಲ್' ಎನ್ನೋಣ. ನೀಲಿ ಕೋಳಿಯಲ್ಲಿ ಎರಡೂ ಒಂದೊಂದು ಇವೆ. ಮರಿಗೆ ಹೋಗುವುದು ಅವುಗಳಲ್ಲಿ ಯಾವುದಾದರೂ ಒಂದು. ಈಗ ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿ. ಎರಡೂ ಟೇಲ್ ಬಿದ್ದರೆ ಮರಿ ಕಪ್ಪು. ಎರಡೂ ಹೆಡ್ ಆದರೆ ಸ್ಪ್ಲಾಶ್. ಒಂದು ಹೆಡ್, ಒಂದು ಟೇಲ್ ಆದರೆ ನೀಲಿ.

ಹನ್ನೆರಡು ಸಲ ಚಿಮ್ಮಿದರೆ 3, 6, 3 ಎಂದು ಸರಿಯಾಗಿ ಬರಲಿಕ್ಕಿಲ್ಲ. ನೂರು ಸಲ ಚಿಮ್ಮಿ ಬರೆದಿಡಿ. 25, 50, 25ರ ಆಸುಪಾಸಿಗೆ ಬರುತ್ತದೆ. ಒಂದೇ ಕಾವಿನ ಮರಿಗಳನ್ನು ನೋಡಿ ತೀರ್ಮಾನಕ್ಕೆ ಬರಬಾರದೇಕೆ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ಹಾಗಾದರೆ ಮರಿಗಳೆಲ್ಲ ನೀಲಿಯಾಗುವ ದಾರಿಯೇ ಇಲ್ಲವೇ? ಇದೆ. ಕಪ್ಪು ಕೋಳಿಯಲ್ಲಿ ಇರುವುದೆಲ್ಲ ಟೇಲ್. ಸ್ಪ್ಲಾಶ್‌ನಲ್ಲಿ ಇರುವುದೆಲ್ಲ ಹೆಡ್. ಇವೆರಡನ್ನೂ ಕೂಡಿಸಿದರೆ ಪ್ರತಿ ಮರಿಗೂ ಒಂದು ಹೆಡ್, ಒಂದು ಟೇಲ್ ಖಾತ್ರಿ. ನಾಣ್ಯ ಚಿಮ್ಮುವ ಅಗತ್ಯವೇ ಇಲ್ಲ, ಎಲ್ಲವೂ ನೀಲಿ! ನೀಲಿಗಾಗಿ ಹಂಬಲಿಸಿದವರು ಬೇಡವೆಂದು ತೆಗೆದುಹಾಕಿದ ಮರಿಗಳಲ್ಲೇ ಅವರಿಗೆ ಬೇಕಾದ್ದು ಇತ್ತು.

ಆಕಾರಕ್ಕೆ ನಾಣ್ಯ ಸಾಲದು

ನೀಲಿ ಬಣ್ಣ ಒಂದು ಜೀನ್‌ನ ಆಟ. ಆದರೆ ಬೆನ್ನಿನ ದಿಂಬು, ಮೈಯ ದುಂಡು, ಗರಿಯ ಅಗಲ, ಮೈತೂಕ ಇವು ಹಾಗಲ್ಲ. ಅನೇಕ ಜೀನ್‌ಗಳು ಸೇರಿ ಇವನ್ನು ರೂಪಿಸುತ್ತವೆ. ಮೇವು, ಆರೈಕೆಗಳ ಪಾತ್ರವೂ ಇದೆ. ಇಲ್ಲಿ ಕಾಲು, ಅರ್ಧ ಎಂಬ ಲೆಕ್ಕ ಸಿಗುವುದಿಲ್ಲ. ಪ್ರತಿ ತಲೆಮಾರಿನಲ್ಲೂ ಉತ್ತಮವಾದವನ್ನು ಆರಿಸುತ್ತ, ಯಾವ ಹುಂಜಕ್ಕೆ ಯಾವ ಹೇಂಟೆ ಎಂದು ಬರೆದಿಡುತ್ತ ವರ್ಷಗಟ್ಟಲೆ ನಡೆಯಬೇಕು. ಬಣ್ಣವೊಂದನ್ನೇ ನೋಡಿ ಆರಿಸಿದರೆ ನಾಲ್ಕಾರು ತಲೆಮಾರುಗಳಲ್ಲಿ ಉಳಿಯುವುದು ನೀಲಿ ಬಣ್ಣದ ಸಾಮಾನ್ಯ ಕೋಳಿ. ಆಕಾರವಿದ್ದರೆ ಮಾತ್ರ ಅದು ಕೊಚ್ಚಿನ್. ಬಣ್ಣ ಆಮೇಲಿನ ಮಾತು.

ಆಕಾರದ ಬೆನ್ನು ಹತ್ತುವುದಕ್ಕೂ ಮಿತಿ ಇರಬೇಕು. ಹಿಂಭಾಗದ ಗರಿ ಅತಿಯಾಗಿ ದಟ್ಟವಾದರೆ ಹುಂಜ-ಹೇಂಟೆ ಕೂಡುವುದೇ ಕಷ್ಟವಾಗಿ ಮೊಟ್ಟೆಗಳು ಬರಡಾಗುತ್ತವೆ. ಅದಕ್ಕಾಗಿ ತಳಿಗಾರರು ಆ ಭಾಗದ ಗರಿಯನ್ನು ಕತ್ತರಿಸುವುದುಂಟು. ಕಾಲಿನ ಗರಿ ಕೆಸರು ಹಿಡಿಯುತ್ತದೆ, ನುಸಿಗಳಿಗೆ ಮನೆಯಾಗುತ್ತದೆ. ನೆಲ ಸದಾ ಒಣಗಿರಬೇಕು. ರಕ್ತಸಂಬಂಧದಲ್ಲೇ ಕೂಡಿಸುತ್ತ ಹೋದರೆ ಹಕ್ಕಿಯ ಕಸುವು ಕುಂದುತ್ತದೆ. ಮನುಷ್ಯನ ಕಣ್ಣಿಗೆ ಹಬ್ಬವಾದದ್ದು ಹಕ್ಕಿಗೆ ಹೊರೆಯಾಗಬಾರದಲ್ಲ!

ಇಷ್ಟಾದರೂ ಕೊಚ್ಚಿನ್ ಹೇಂಟೆ ತನ್ನ ಹಳೆಯ ಗುಣವೊಂದನ್ನು ಬಿಟ್ಟಿಲ್ಲ. ಅದು ಕಾವಿಗೆ ಕೂರುವುದರಲ್ಲಿ ಎತ್ತಿದ ಕೈ. ಬಾತಿನ ಮೊಟ್ಟೆಯನ್ನು ಇಟ್ಟರೂ ತನ್ನದೆಂದೇ ಕೂರುತ್ತದೆ. ಕೋಳಿಮೊಟ್ಟೆಯಾದರೆ 21 ದಿನಕ್ಕೆ ಮರಿಗಳು ಹೊರಬರುತ್ತವೆ. ಕಪ್ಪು, ಬೂದು, ಮಾಸಲು ಬಿಳಿ ಎಂದು ಬಣ್ಣ ಆ ದಿನವೇ ಸುಮಾರಾಗಿ ತಿಳಿಯುತ್ತದೆ. ಆಕಾರ ತಿಳಿಯಲು ಮಾತ್ರ ತಿಂಗಳುಗಟ್ಟಲೆ ಕಾಯಬೇಕು. ಕೊಚ್ಚಿನ್ ನಿಧಾನವಾಗಿ ಬೆಳೆಯುವ ಹಕ್ಕಿ. ಮೊದಲ ದಿನ ಬಣ್ಣ ಸರಿಯಿಲ್ಲವೆಂದು ಬುಟ್ಟಿಯ ಮೂಲೆಗೆ ಸರಿಸಿದ ಮಾಸಲು ಮರಿಯೇ ಬೆಳೆದಾಗ ಎಲ್ಲಕ್ಕಿಂತ ದುಂಡಾಗಿ ನಿಲ್ಲಬಹುದು. ಅದಕ್ಕೊಂದು ಒಳ್ಳೆಯ ಕಪ್ಪು ಹುಂಜ ಜೊತೆಯಾದರೆ ಮುಂದಿನ ಕಾವಿನ ಮರಿಗಳೆಲ್ಲ ನೀಲಿ.

ತಾಯಿಕೋಳಿಯಂತೂ ಈ ಲೆಕ್ಕ ಯಾವುದನ್ನೂ ಕೇಳುವುದಿಲ್ಲ. ಮೂರು ಬಣ್ಣದ ಮರಿಗಳನ್ನೂ ಒಂದೇ ರೆಕ್ಕೆಯಡಿ ಸೇರಿಸಿಕೊಂಡು ಬೆಚ್ಚಗೆ ಕೂರುತ್ತದೆ.